ವಸಡಿನ ರಕ್ತ ಮತ್ತು ಬಸ್ಸಾರಿನ ನೀರು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿರುವ ಈ ಪ್ರಕರಣದ ಮಹಿಳೆ ನಲವತ್ತು ದಾಟಿದ ಶಿಕ್ಷಕಿ. ಮಾತನಾಡುವಾಗಲೆಲ್ಲ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ವಸಡಿನಲ್ಲಿ ರಕ್ತ ಬರುತ್ತದೆಂಬ ಭಯದಿಂದ ಆ ಭಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟಿದ್ದರು. ವಾಸನೆ ಸಹೋದ್ಯೋಗಿಗಳಿಗೆ ತಿಳಿದೀತೆಂಬ ಸಂಕೋಚದಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಎಂಬ ರಾಸಾಯನಿಕ ಇರುವ ಮೌತ್‌ವಾಶನ್ನು ಐದು ತಿಂಗಳಿಂದ ದಿನಕ್ಕೆ ಮೂರು ಸಲ ಬಳಸುತ್ತಿದ್ದರು. ಮೊಬೈಲಿನಲ್ಲಿ ನೋಡಿ ಜಜ್ಜಿದ ಬೆಳ್ಳುಳ್ಳಿಯನ್ನು ವಸಡಿಗೆ ಒತ್ತಿಟ್ಟುಕೊಂಡಿದ್ದರಿಂದ ಅಲ್ಲಿ ಸುಟ್ಟು ಬೆಳ್ಳಗಾಗಿತ್ತು. ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆಂದು ಸೊಪ್ಪನ್ನು ಮಾತ್ರ ಪೂರ್ತಿ ಬಿಟ್ಟಿದ್ದರು. ಹಲ್ಲು ಕಂದಾಗಿರುವುದನ್ನೂ ಸಾರಿಗೆ ಎಷ್ಟು ಉಪ್ಪು ಹಾಕಿದರೂ ಸಾಲದೆನಿಸುವುದನ್ನೂ ಅವರು ಬೇರೆ ಕಾಯಿಲೆಯೆಂದು ತಿಳಿದಿದ್ದರು. ಎರಡೂ ಆ ಮೌತ್‌ವಾಶಿನ ಅಡ್ಡಪರಿಣಾಮಗಳೆಂದು ವಿವರಿಸಿದಾಗ ಅವರ ಮುಖ ಹಗುರಾಯಿತು.

ಮೊದಲು ದಂತವೈದ್ಯರಲ್ಲಿ ಹಲ್ಲು ಶುಚಿ ಮಾಡಿಸಿಕೊಳ್ಳಬೇಕೆಂದು ಹೇಳಿದೆ, ಏಕೆಂದರೆ ಹಲ್ಲಿನ ಬುಡದಲ್ಲಿ ಗಟ್ಟಿಯಾದ ಕಿಟ್ಟವನ್ನು ಯಾವ ತರಕಾರಿಯೂ ಕರಗಿಸದು. ಉಜ್ಜದೆ ಬಿಟ್ಟ ಕಡೆಯೇ ವಸಡು ಇನ್ನಷ್ಟು ಊದಿಕೊಳ್ಳುವುದರಿಂದ, ಮೃದುವಾದ ಬ್ರಷ್ಷಿನಿಂದ ಅಲ್ಲಿಯೂ ಉಜ್ಜಲೇಬೇಕೆಂದೆ. ಮೌತ್‌ವಾಶ್ ಎಷ್ಟು ದಿನವೆಂಬುದನ್ನು ವೈದ್ಯರೇ ನಿರ್ಧರಿಸಲಿ ಎಂದೆ.

ಆಮೇಲೆ ಸೊಪ್ಪಿನ ಮಾತು. ಪಾಲಕ್, ದಂಟು, ಬೀಟ್‌ರೂಟುಗಳಲ್ಲಿ ಸಹಜವಾಗಿಯೇ ಇರುವ ನೈಟ್ರೇಟ್ ಎಂಬ ಲವಣ ರಕ್ತಕ್ಕೆ ಸೇರಿ, ಅಲ್ಲಿಂದ ಜೊಲ್ಲುಗ್ರಂಥಿಗಳ ಮೂಲಕ ಮತ್ತೆ ಬಾಯಿಗೇ ಬರುತ್ತದೆ. ನಾಲಿಗೆಯ ಮೇಲಿರುವ ಕೆಲವು ಒಳ್ಳೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಈ ಕ್ರಿಯೆಯಲ್ಲಿ, ಹಲ್ಲಿನ ಕವಚವನ್ನು ಕರಗಿಸುವ ಆಮ್ಲದ ಪ್ರಮಾಣ ತಗ್ಗುತ್ತದೆ. ಜರ್ಮನಿಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೈಟ್ರೇಟ್ ಇರುವ ಲೆಟ್ಯೂಸ್ ರಸವನ್ನು 14 ದಿನ ಕುಡಿದವರ ವಸಡಿನ ಉರಿಯೂತ, ನೈಟ್ರೇಟ್ ತೆಗೆದ ರಸ ಕುಡಿದವರದಕ್ಕಿಂತ ಕಡಿಮೆಯಾಗಿತ್ತು. ಬಾಯಿಯ ಸೂಕ್ಷ್ಮಜೀವಿಗಳನ್ನೆಲ್ಲ ದಿನಕ್ಕೆ ಮೂರು ಸಲ ಕೊಲ್ಲುತ್ತಿದ್ದರೆ, ಸೊಪ್ಪು ತಿಂದರೂ ಅದನ್ನು ಉಪಯೋಗಕ್ಕೆ ತರುವವರೇ ಅಲ್ಲಿರುವುದಿಲ್ಲ. ಇದು ಅವರಿಗೆ ನಿಜಕ್ಕೂ ಹೊಸ ವಿಷಯವಾಗಿತ್ತು.

ಬೇಯಿಸಿದಾಗ ನೈಟ್ರೇಟ್ ನೀರಿಗೆ ಇಳಿಯುವುದರಿಂದ ಬಸಿದ ನೀರನ್ನು ಚೆಲ್ಲಬಾರದೆಂದಾಗ, “ಹಾಗಾದರೆ ಬಸ್ಸಾರು ಮಾಡಿದರಾಯಿತಲ್ಲ” ಎಂದು ಅವರೇ ಹೇಳಿದರು. ಆ ನೀರಿನಲ್ಲಿ ಸಾರು, ಬೆಂದ ಸೊಪ್ಪಿನಲ್ಲಿ ಪಲ್ಯ ಮಾಡುವ ನಮ್ಮ ಕಡೆಯ ಅಡುಗೆಗಿಂತ ಒಳ್ಳೆಯ ದಾರಿ ನನಗೂ ತೋಚಲಿಲ್ಲ. ಮೂತ್ರಪಿಂಡದ ಕಲ್ಲು ಆಗಿತ್ತೇ ಎಂದು ಕೇಳಿ, ಇಲ್ಲವೆಂದ ಮೇಲಷ್ಟೇ ಒಪ್ಪಿದೆ. ಏಕೆಂದರೆ ಅಂಥ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಎಂಬ ವಸ್ತು ಪಾಲಕ್ ಮತ್ತು ದಂಟಿನಲ್ಲಿದ್ದು, ಅದೂ ಅದೇ ನೀರಿಗೇ ಇಳಿಯುತ್ತದೆ. ಸಂದಿಯಲ್ಲಿ ಸಿಕ್ಕಿದ ನಾರನ್ನು ಊಟದ ನಂತರ ದಂತದಾರದಿಂದ ತೆಗೆಯುವುದನ್ನು ತೋರಿಸಿಕೊಟ್ಟೆ. ಬೆಳ್ಳುಳ್ಳಿ ಒಗ್ಗರಣೆಯಲ್ಲಿರಲಿ, ವಸಡಿನ ಮೇಲೆ ಬೇಡ ಎಂದೆ.

ಆರು ವಾರಗಳ ನಂತರ ಬಂದಾಗ ಕೆಳಗಿನ ಒಂದು ದವಡೆಹಲ್ಲಿನ ಸುತ್ತ ಮಾತ್ರ ರಕ್ತ ಬರುತ್ತಿತ್ತು. ಇದರಲ್ಲಿ ವೈದ್ಯರು ಶುಚಿ ಮಾಡಿದ್ದರ ಪಾಲೇ ದೊಡ್ಡದೆಂದು ನಾನು ಭಾವಿಸುತ್ತೇನೆ, ಅವರಿಗೂ ಹಾಗೆಯೇ ತಿಳಿಸಿದೆ. ಸಾರಿನ ಉಪ್ಪು ಈಗ ನಾಲಿಗೆಗೆ ತಿಳಿಯುತ್ತಿದೆ ಎಂದು ಅವರು ಹೇಳಿದಾಗ ಸೆರಗು ಹೆಗಲ ಮೇಲೆಯೇ ಇತ್ತು.