ಜ್ವರ ಬಂದು ಎಷ್ಟನೆಯ ದಿನ?

ಆರೋಗ್ಯ ಅಂಕಣ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮಾನ್ಯ ಡಾಕ್ಟರೇ, ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಪ್ರಥಮ ಪಿಯುಸಿ ಓದುತ್ತಿರುವ ನನ್ನ ಮಗನಿಗೆ ಕಳೆದ ತಿಂಗಳು ಒಂದು ಭಾನುವಾರ ರಾತ್ರಿ ಜೋರು ಜ್ವರ ಬಂತು. ಸೋಮವಾರ ಬೆಳಿಗ್ಗೆಯೇ ರಕ್ತ ಪರೀಕ್ಷೆ ಮಾಡಿಸಿದೆವು. ಡೆಂಗಿ ಎನ್‌ಎಸ್ 1 ನೆಗೆಟಿವ್ ಎಂದು ಬಂದದ್ದರಿಂದ ನಿಶ್ಚಿಂತರಾದೆವು. ಜ್ವರ ಇಳಿಯದಿದ್ದಾಗ ಗುರುವಾರ ಮತ್ತೆ ಮಾಡಿಸಿದರೆ ಎನ್‌ಎಸ್ 1 ಆಗಲೂ ನೆಗೆಟಿವ್, ಆದರೆ ಐಜಿಎಂ ಮತ್ತು ಐಜಿಜಿ ಎರಡೂ ಪಾಸಿಟಿವ್. ಶುಕ್ರವಾರ ಜ್ವರ ಬಿಟ್ಟಿತು. ಹುಡುಗ ಎದ್ದು ಕೂತು ಮಂಡಕ್ಕಿ, ಮಿರ್ಚಿ ಬೇಕೆಂದ. ಮರುದಿನ ಹೊಟ್ಟೆನೋವು, ವಾಂತಿ ಶುರುವಾಯಿತು. ಪ್ಲೇಟ್‌ಲೆಟ್ 48 ಸಾವಿರಕ್ಕೆ ಇಳಿದಿದೆ ಎಂದು ಆಸ್ಪತ್ರೆಗೆ ಸೇರಿಸಿಕೊಂಡು ಮಂಗಳವಾರದವರೆಗೆ ಡ್ರಿಪ್ ಹಾಕಿದರು, ಆದರೆ ಪ್ಲೇಟ್‌ಲೆಟ್ ಏರಿಸಲಿಲ್ಲ. ಏಕೆ ಏರಿಸುವುದಿಲ್ಲ ಎಂದು ನಮ್ಮ ಭಾವನವರು ಜಗಳವನ್ನೇ ಆಡಿದರು. ಈಗ ಮಗ ಚೆನ್ನಾಗಿದ್ದಾನೆ. ಮೊನ್ನೆ, ಜ್ವರ ಬಂದು ತಿಂಗಳಾದ ಮೇಲೆ, ಮನಸ್ಸಿನ ಸಮಾಧಾನಕ್ಕೆಂದು ಇನ್ನೊಮ್ಮೆ ಪರೀಕ್ಷೆ ಮಾಡಿಸಿದೆ. ಐಜಿಎಂ ಇನ್ನೂ ಪಾಸಿಟಿವ್ ಇದೆ. ರೋಗ ಒಳಗೇ ಉಳಿದಿದೆಯೇ? ಮೊದಲ ವರದಿ ಸುಳ್ಳಾಗಿತ್ತೇ? ಐದೂ ವರದಿಗಳ ನಕಲು ಕಳಿಸಿದ್ದೇನೆ.
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ಕೊನೆಯ ಪ್ರಶ್ನೆಯ ಭಯವನ್ನು ಮೊದಲು ಕಳೆಯುತ್ತೇನೆ. ನಿಮ್ಮ ಮಗನ ಮೈಯಲ್ಲಿ ರೋಗ ಉಳಿದಿಲ್ಲ. ಐಜಿಎಂ ಎಂಬುದು ವೈರಸ್ ಅಲ್ಲ, ವೈರಸ್ಸಿನ ವಿರುದ್ಧ ಶರೀರ ಮೊದಲು ಸಿದ್ಧಮಾಡುವ ಪ್ರತಿಕಾಯ. ಜ್ವರ ವಾಸಿಯಾದ ಮೇಲೂ ಅದು ಎರಡು ಮೂರು ತಿಂಗಳು ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ತಿಂಗಳಿಗೆ ಅದು ಪಾಸಿಟಿವ್ ಇರುವುದು ಸಹಜವೇ ಹೊರತು ಆತಂಕದ ಸಂಗತಿಯಲ್ಲ. ಡೆಂಗಿ ವಾಸಿಯಾಯಿತೆಂದು ತಿಳಿಯಲು ನೆಗೆಟಿವ್ ವರದಿ ಬರುವವರೆಗೆ ಕಾಯುವ ಪದ್ಧತಿ ಇಲ್ಲ. ಈ ಐದನೆಯ ಪರೀಕ್ಷೆ ಬೇಕಿರಲಿಲ್ಲ.

ಉಳಿದ ನಾಲ್ಕು ವರದಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ನೋಡಿದೆ. ರೋಗಿಯ ವಯಸ್ಸಿದೆ, ರಕ್ತ ತೆಗೆದ ಗಂಟೆ ನಿಮಿಷಗಳಿವೆ, ಪ್ರಯೋಗಾಲಯದ ಮೊಹರಿದೆ. ಆದರೆ ಜ್ವರ ಶುರುವಾಗಿ ಅದು ಎಷ್ಟನೆಯ ದಿನ ಎಂಬುದು ಒಂದರಲ್ಲೂ ಇಲ್ಲ. ಡೆಂಗಿ ವರದಿಗೆ ಅರ್ಥ ಬರುವುದು ಆ ಒಂದು ಅಂಕಿಯಿಂದ. ಭಾನುವಾರ ರಾತ್ರಿಯಿಂದ ಮೊದಲ 24 ಗಂಟೆಯನ್ನು ಒಂದನೆಯ ದಿನವೆಂದು ಎಣಿಸಿ ನಾನೇ ಪೆನ್ಸಿಲ್ಲಿನಿಂದ ಬರೆದುಕೊಂಡೆ: ಸೋಮವಾರ ಬೆಳಗಿನದು 1, ಗುರುವಾರದ್ದು 4, ಶನಿವಾರದ್ದು 6, ಆಸ್ಪತ್ರೆಯಿಂದ ಬಿಟ್ಟ ಮಂಗಳವಾರದ್ದು 9.

ಮೊದಲ ವರದಿಯನ್ನು ಸುಳ್ಳೆಂದು ನಾನು ಹೇಳಲಾರೆ. ಎನ್‌ಎಸ್ 1 ಎಂಬುದು ಡೆಂಗಿ ವೈರಸ್ ಬೆಳೆಯುವಾಗ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್. ಸಾಮಾನ್ಯವಾಗಿ ಜ್ವರದ ಮೊದಲ ದಿನದಿಂದ ಐದನೆಯ ದಿನದವರೆಗೆ ಅದು ಚೆನ್ನಾಗಿ ಸಿಗುತ್ತದೆ, ಅನಂತರ ಕ್ಷೀಣಿಸುತ್ತದೆ. ಹಾಗಿದ್ದರೆ ನಿಮ್ಮ ಮಗನಲ್ಲಿ ಒಂದನೆಯ ದಿನವೂ ನಾಲ್ಕನೆಯ ದಿನವೂ ಅದು ಏಕೆ ಸಿಗಲಿಲ್ಲ ಎಂಬುದಕ್ಕೆ ಉತ್ತರ ಗುರುವಾರದ ವರದಿಯ ಐಜಿಜಿ ಸಾಲಿನಲ್ಲಿದೆ. ಐಜಿಜಿ ಎಂಬುದು ಶರೀರ ಸಿದ್ಧಮಾಡುವ ಇನ್ನೊಂದು ಬಗೆಯ ಪ್ರತಿಕಾಯ. ಜೀವನದಲ್ಲಿ ಮೊದಲ ಸಲ ಡೆಂಗಿ ತಗುಲಿದವರಲ್ಲಿ ಐಜಿಎಂ ನಾಲ್ಕೈದನೆಯ ದಿನಕ್ಕೆ ಮೂಡುತ್ತದೆ, ಐಜಿಜಿ ಹತ್ತು ದಿನ ಕಳೆದ ಮೇಲೆ ನಿಧಾನವಾಗಿ ಬರುತ್ತದೆ. ನಾಲ್ಕನೆಯ ದಿನವೇ ಐಜಿಜಿ ಗಟ್ಟಿಯಾಗಿ ಕಾಣಿಸಿಕೊಂಡಿದೆ ಎಂದರೆ, ಹಿಂದೆ ಯಾವಾಗಲೋ ಅವನಿಗೆ ಡೆಂಗಿ ಬಂದುಹೋಗಿತ್ತು, ಇದು ಎರಡನೆಯ ಸಲದ್ದು ಎಂಬ ಅನುಮಾನಕ್ಕೆ ಬಲವಾದ ಕಾರಣವಿದೆ. ಹಳೆಯ ಪ್ರತಿಕಾಯಗಳು ಎನ್‌ಎಸ್ 1 ಪ್ರೋಟೀನನ್ನು ರಕ್ತದಲ್ಲೇ ಹಿಡಿದುಕೊಂಡುಬಿಡುವುದರಿಂದ ಅದು ಪರೀಕ್ಷೆಯ ಕಣ್ಣಿಗೆ ಬೀಳದೇ ಹೋಗುವುದುಂಟು.

"ನಮ್ಮ ಹುಡುಗನಿಗೆ ಹಿಂದೆಂದೂ ಬಂದಿಲ್ಲ" ಎಂದು ನೀವು ಹೇಳಬಹುದು. ಡೆಂಗಿ ತಗುಲಿದ ಬಹುಪಾಲು ಜನರಿಗೆ ಲಕ್ಷಣಗಳೇ ಇರುವುದಿಲ್ಲ, ಇದ್ದರೂ ಎರಡು ದಿನದ ಮೈಕೈನೋವಿನಲ್ಲಿ ಮುಗಿದುಹೋಗುತ್ತದೆ. ಈ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದುಹೋದರೆ ಅದೇ ಬಗೆಯ ವಿರುದ್ಧ ದೀರ್ಘಕಾಲದ ರಕ್ಷಣೆ ದೊರೆಯುತ್ತದೆ. ಉಳಿದ ಮೂರರ ವಿರುದ್ಧ ಕೆಲವು ತಿಂಗಳು ಮಾತ್ರ. ಆಮೇಲೆ ಬೇರೊಂದು ಬಗೆ ತಗುಲಿದಾಗ ಹಳೆಯ ಪ್ರತಿಕಾಯಗಳು ವೈರಸ್ಸಿಗೆ ಅಂಟಿಕೊಳ್ಳುತ್ತವೆಯೇ ಹೊರತು ಅದನ್ನು ಮಣಿಸಲಾರವು. ಬದಲಿಗೆ ಜೀವಕೋಶದೊಳಗೆ ನುಗ್ಗಲು ಅದಕ್ಕೆ ಅನುಕೂಲವನ್ನೇ ಮಾಡಿಕೊಡುತ್ತವೆ. ಎರಡನೆಯ ಡೆಂಗಿ ತೀವ್ರವಾಗುವ ಸಂಭವ ಹೆಚ್ಚು ಎನ್ನುವುದು ಈ ಕಾರಣಕ್ಕೆ. ಅಂದಮೇಲೆ ಗುರುವಾರದ ವರದಿಯಲ್ಲಿ ಎಲ್ಲರೂ ನೋಡಬೇಕಾಗಿದ್ದ ಸಾಲು ಅದೇ ಐಜಿಜಿ. ಹಾಗೆಂದು ಯಾವ ದಿನದ್ದೆಂದು ತಿಳಿಯದೆ ಬರೀ ಐಜಿಜಿ ಪಾಸಿಟಿವ್ ಇರುವ ಕಾಗದವನ್ನು ಹಿಡಿದು ಗಾಬರಿಯಾಗುವುದೂ ಸಲ್ಲದು; ಹಳೆಯ ಸೋಂಕಿನ ಐಜಿಜಿ ವರ್ಷಗಟ್ಟಲೆ ಇರುತ್ತದೆ.

ಸೋಮವಾರದ ವರದಿಯ ಕೆಳಗೆ ವಿಡಾಲ್ ಪರೀಕ್ಷೆಯೂ ಇದೆ. ಟೈಫಾಯ್ಡಿಗೆಂದು ಮಾಡುವ ಆ ಪರೀಕ್ಷೆ ಜ್ವರದ ಮೊದಲ ದಿನ ಏನನ್ನೂ ತಿಳಿಸುವುದಿಲ್ಲ. "ಫೀವರ್ ಪ್ಯಾಕೇಜ್" ಎಂಬ ಹೆಸರಿನಲ್ಲಿ ಎಲ್ಲವನ್ನೂ ಒಂದೇ ದಿನ ಮಾಡಿಸುವ ರೂಢಿ ನನಗೆ ಹಿಡಿಸುವುದಿಲ್ಲ.

ಇನ್ನು ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು. ನಮ್ಮ ಕಡೆ ಡೆಂಗಿ ಎಂದರೆ ಜನ ಕೇಳುವುದು ಇದೊಂದನ್ನೇ: "ಎಷ್ಟಿದೆ?" ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷದವರೆಗೆ ಪ್ಲೇಟ್‌ಲೆಟ್ ಇರುತ್ತವೆ. ನಿಮ್ಮ ಮಗನಲ್ಲಿ ಸೋಮವಾರ 1.84 ಲಕ್ಷ, ಗುರುವಾರ 92 ಸಾವಿರ, ಶನಿವಾರ 48 ಸಾವಿರ, ಮಂಗಳವಾರ ಮತ್ತೆ 1.1 ಲಕ್ಷ. ಇದು ಡೆಂಗಿಯ ಮಾಮೂಲಿ ಇಳಿತ ಮತ್ತು ಏರಿಕೆ. ಅದಕ್ಕೂ ಮೊದಲೇ ಬಿಳಿ ರಕ್ತಕಣಗಳು 5,200ರಿಂದ 2,900ಕ್ಕೆ ಇಳಿದಿರುವುದನ್ನು ಗಮನಿಸಿ. ಜ್ವರದಲ್ಲಿ ಬಿಳಿಕಣಗಳು ಹೀಗೆ ಇಳಿಯುತ್ತಿದ್ದರೆ, ಎನ್‌ಎಸ್ 1 ಏನೇ ಹೇಳಲಿ, ವೈದ್ಯರು ಡೆಂಗಿಯನ್ನು ಮನಸ್ಸಿನಿಂದ ತೆಗೆದುಹಾಕುವುದಿಲ್ಲ.

ಪ್ಲೇಟ್‌ಲೆಟ್ ಲೆಕ್ಕ ತಪ್ಪುವುದೂ ಉಂಟು. ನಾನು ಪ್ರಯೋಗಾಲಯದ ಕೆಲಸಕ್ಕೆ ಹೊಸಬನಾಗಿದ್ದಾಗ ಒಬ್ಬ ವೃದ್ಧರ ವರದಿಗೆ 38 ಸಾವಿರ ಎಂದು ಸಹಿ ಹಾಕಿದೆ. ಅವರ ಮನೆಯವರು ರಾತ್ರೋರಾತ್ರಿ ವಾಹನ ಮಾಡಿಕೊಂಡು ದೊಡ್ಡ ಊರಿಗೆ ಹೊರಟು ನಿಂತರು. ನನ್ನ ಹಿರಿಯರು ಅದೇ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಡಿ ನೋಡಿದರೆ, ಪ್ಲೇಟ್‌ಲೆಟ್‌ಗಳು ದ್ರಾಕ್ಷಿ ಗೊಂಚಲಿನಂತೆ ಒಂದಕ್ಕೊಂದು ಅಂಟಿಕೊಂಡು ಕುಳಿತಿದ್ದವು. ನೇರಳೆ ಮುಚ್ಚಳದ ಕೊಳವೆಯಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕಕ್ಕೆ ಕೆಲವರ ರಕ್ತ ಹೀಗೆ ವರ್ತಿಸುತ್ತದೆ. ಯಂತ್ರ ಇಡೀ ಗೊಂಚಲನ್ನು ಒಂದೇ ಎಂದು ಎಣಿಸುತ್ತದೆ, ಇಲ್ಲವೇ ಎಣಿಸುವುದೇ ಇಲ್ಲ. ಅಂದಿನಿಂದ, ರಕ್ತಸ್ರಾವವಿಲ್ಲದ ರೋಗಿಯಲ್ಲಿ ಅಂಕಿ ಒಮ್ಮೆಲೇ ಕುಸಿದರೆ ಪಟ್ಟಿ ನೋಡದೆ ನಾನು ಸಹಿ ಹಾಕಿಲ್ಲ. ನಿಮ್ಮ ಶನಿವಾರದ ವರದಿಯಲ್ಲಿ "ಸ್ಮಿಯರ್‌ನಲ್ಲಿ ಖಚಿತಪಡಿಸಿದೆ" (ಸ್ಮಿಯರ್ ಎಂದರೆ ಅದೇ ರಕ್ತ ಸವರಿದ ಪಟ್ಟಿ) ಎಂಬ ಷರಾ ಇದೆ, ಒಳ್ಳೆಯ ಪ್ರಯೋಗಾಲಯ.

ಅದೇ ವರದಿಯಲ್ಲಿ ಯಾರೂ ಓದದ ಇನ್ನೊಂದು ಸಾಲಿದೆ, ಪಿಸಿವಿ ಎಂದು. ಹೆಮಟೊಕ್ರಿಟ್ ಎಂದೂ ಅದನ್ನೇ ಕರೆಯುತ್ತಾರೆ. ನೂರು ಪಾಲು ರಕ್ತದಲ್ಲಿ ಕೆಂಪುಕಣಗಳದ್ದು ಎಷ್ಟು ಪಾಲು ಎಂಬ ಲೆಕ್ಕ ಅದು. ಡೆಂಗಿಯಲ್ಲಿ ಪ್ರಾಣಕ್ಕೆ ಅಪಾಯ ತರುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಕೊರತೆಯಲ್ಲ, ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದ ನೀರಿನಂಶ ಹೊಟ್ಟೆಗೂ ಎದೆಗೂ ಸೋರಿಹೋಗುವುದು. ಒಲೆಯ ಮೇಲಿಟ್ಟ ಸಾರು ನೀರು ಬತ್ತಿದಷ್ಟೂ ಗಟ್ಟಿಯಾಗುವ ಹಾಗೆ, ನೀರು ಸೋರಿದಷ್ಟೂ ರಕ್ತ ಗಟ್ಟಿಯಾಗಿ ಪಿಸಿವಿ ಏರುತ್ತದೆ. ನಿಮ್ಮ ಮಗನಲ್ಲಿ ಅದು ಸೋಮವಾರ 38.4 ಇದ್ದದ್ದು ಶನಿವಾರ 44.5ಕ್ಕೆ ಏರಿದೆ, ಅಂದರೆ ಶೇ 16ರಷ್ಟು. ಶೇ 20ರಷ್ಟು ಏರಿದರೆ, ಅಂದರೆ 46ರ ಹತ್ತಿರ ಹೋಗಿದ್ದರೆ, ಸೋರಿಕೆ ನಿಶ್ಚಿತವೆಂದು ಪರಿಗಣಿಸುತ್ತಾರೆ. ಹೊಟ್ಟೆನೋವು, ನಿಲ್ಲದ ವಾಂತಿ, ಏರುತ್ತಿರುವ ಪಿಸಿವಿ, ಇಳಿಯುತ್ತಿರುವ ಪ್ಲೇಟ್‌ಲೆಟ್ ಇವು ನಾಲ್ಕೂ ಒಟ್ಟಿಗೆ ಸೇರಿದ್ದರಿಂದಲೇ ವೈದ್ಯರು ಅವನನ್ನು ಸೇರಿಸಿಕೊಂಡು ಡ್ರಿಪ್ ಹಾಕಿದ್ದು. ಮಂಗಳವಾರ ಪಿಸಿವಿ 39ಕ್ಕೆ ಮರಳಿದೆ.

ನಿಮ್ಮ ಭಾವನವರ ಕಳಕಳಿ ಅರ್ಥವಾಗುತ್ತದೆ, ಆದರೆ ಅಂದು ಅವರ ಮಾತು ನಡೆಯದಿದ್ದದ್ದೇ ಒಳ್ಳೆಯದಾಯಿತು. ರಕ್ತಸ್ರಾವವಿಲ್ಲದ ಡೆಂಗಿ ರೋಗಿಗೆ ಪ್ಲೇಟ್‌ಲೆಟ್ 10 ಸಾವಿರಕ್ಕಿಂತ ಕೆಳಗೆ ಹೋಗದ ಹೊರತು ಸಾಮಾನ್ಯವಾಗಿ ಏರಿಸುವುದಿಲ್ಲ. ಏರಿಸಿದರೂ ಅವು ಬೇಗ ನಾಶವಾಗುತ್ತವೆ, ಅಲರ್ಜಿಯಂತಹ ತೊಂದರೆ ಬೇರೆ. ಪಪ್ಪಾಯಿ ಎಲೆಯ ರಸದ ಬಗ್ಗೆ ನೀವು ಕೇಳಿಲ್ಲ, ಆದರೂ ಕೇಳುವವರು ಬಹಳ. ಅದರಿಂದ ಪ್ಲೇಟ್‌ಲೆಟ್ ಅಂಕಿ ಸ್ವಲ್ಪ ಬೇಗ ಏರುತ್ತದೆಂದು ತೋರಿಸಿದ ಸಣ್ಣ ಅಧ್ಯಯನಗಳಿದ್ದರೂ ನೀರಿನ ಸೋರಿಕೆಯನ್ನು ಅದು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕಹಿರಸ ಕುಡಿದು ಮಗು ವಾಂತಿ ಮಾಡಿದರೆ ಅದು ರಸದ್ದೋ ರೋಗದ್ದೋ ತಿಳಿಯದೆ ವೈದ್ಯರು ಪರದಾಡಬೇಕಾಗುತ್ತದೆ.

ಮಂಡಕ್ಕಿ ಕೇಳಿದ ಶುಕ್ರವಾರದ ಬಗ್ಗೆ ಒಂದು ಮಾತು. ಬೇರೆ ಬಹಳಷ್ಟು ಜ್ವರಗಳಲ್ಲಿ ಜ್ವರ ಬಿಟ್ಟಿತೆಂದರೆ ರೋಗ ಬಿಟ್ಟಿತು. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ 24ರಿಂದ 48 ಗಂಟೆಗಳೇ ಸೂಕ್ಷ್ಮ ಕಾಲ, ಸೋರಿಕೆ ಆಗುವುದಾದರೆ ಆಗಲೇ. ಆ ಎರಡು ದಿನ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ಮಂಕು ಅಥವಾ ಚಡಪಡಿಕೆ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ವರದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ನೀವು ಹೋದಿರಿ.

ಪ್ರಶ್ನೆ: ನಾನು ಚಳ್ಳಕೆರೆಯ ಶಾಲಾ ಶಿಕ್ಷಕ, 52 ವರ್ಷ. ಜ್ವರದ ಏಳನೆಯ ದಿನ ಇಲ್ಲಿನ ಒಂದು ಪ್ರಯೋಗಾಲಯದ ಕಾರ್ಡ್ ಪರೀಕ್ಷೆಯಲ್ಲಿ ಡೆಂಗಿ ಐಜಿಎಂ ಪಾಸಿಟಿವ್ ಬಂತು. ಮರುದಿನ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಎಲೈಸಾ ಮಾಡಿ ನೆಗೆಟಿವ್ ಎಂದರು. ರೋಗಿಗಳ ಲೆಕ್ಕ ಕಡಿಮೆ ತೋರಿಸಲು ಹೀಗೆ ಮಾಡುತ್ತಾರೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಯಾವುದನ್ನು ನಂಬಲಿ? ಜ್ವರ ಹೋಗಿ ಮೂರು ವಾರವಾದರೂ ಬೆರಳಿನ ಗಂಟುಗಳು ನೋಯುತ್ತಿದ್ದು, ಸೀಮೆಸುಣ್ಣ ಹಿಡಿಯಲಾಗುತ್ತಿಲ್ಲ.

ಉತ್ತರ: ಎಲೈಸಾವನ್ನು ನಂಬಿ. ಕಾರ್ಡ್ ಎಂಬುದು ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ. ಅದರಲ್ಲಿರುವ ಕುಳಿಯೊಳಗೆ ರಕ್ತದ ಹನಿ ಬಿಟ್ಟು, ಕಿಟಕಿಯಲ್ಲಿ ಗೆರೆ ಮೂಡುವುದನ್ನು ಕಣ್ಣಿನಿಂದಲೇ ನೋಡಬೇಕು. ಹೆಚ್ಚಿನ ಕಾರ್ಡ್‌ಗಳನ್ನು 15ರಿಂದ 20 ನಿಮಿಷದೊಳಗೆ ಓದಬೇಕೆಂಬ ನಿಯಮವಿದೆ. ಕೆಲಸದ ಒತ್ತಡದಲ್ಲಿ ಅರ್ಧ ಗಂಟೆ ಬಿಟ್ಟು ನೋಡಿದರೆ, ಒಣಗುತ್ತಿರುವ ಪಟ್ಟಿಯಲ್ಲಿ ಮಸುಕಾದ ಗೆರೆಯೊಂದು ತಾನಾಗಿಯೇ ಮೂಡಿರುತ್ತದೆ. ಎಲೈಸಾದಲ್ಲಿ ಬಣ್ಣದ ಗಾಢತೆಯನ್ನು ಯಂತ್ರ ಅಳೆದು ಅಂಕಿ ಕೊಡುತ್ತದೆ. ಎಂಟನೆಯ ದಿನಕ್ಕೂ ಐಜಿಎಂ ಎಲೈಸಾ ನೆಗೆಟಿವ್ ಎಂದಮೇಲೆ ಡೆಂಗಿಯ ಸಂಭವ ಕಡಿಮೆ. ಅದೇ ಪರೀಕ್ಷೆಯನ್ನು ಮೂರನೆಯ ದಿನ ಮಾಡಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ.

ಲೆಕ್ಕ ಮುಚ್ಚಿಡುವ ಮಾತಿಗೆ ಬಂದರೆ, ಸೊಳ್ಳೆ ಮುಂತಾದವುಗಳಿಂದ ಹರಡುವ ರೋಗಗಳ ನಿಯಂತ್ರಣಕ್ಕಿರುವ ರಾಷ್ಟ್ರೀಯ ಕಾರ್ಯಕ್ರಮದ ನಿಯಮದಂತೆ ಎನ್‌ಎಸ್ 1 ಅಥವಾ ಐಜಿಎಂ ಎಲೈಸಾದಲ್ಲಿ ಪಾಸಿಟಿವ್ ಬಂದವರನ್ನು ಮಾತ್ರ ಖಚಿತ ಪ್ರಕರಣವೆಂದು ಎಣಿಸುತ್ತಾರೆ. ಕಾರ್ಡ್ ಒಂದರಲ್ಲೇ ಪಾಸಿಟಿವ್ ಬಂದವರು ಶಂಕಿತರ ಪಟ್ಟಿಯಲ್ಲಿ ಉಳಿಯುತ್ತಾರೆ. ಈ ಕಾರ್ಯಕ್ರಮಕ್ಕೆ ಐಜಿಎಂ ಕಿಟ್‌ಗಳು ಬರುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ. ಇದರಿಂದ ಪತ್ರಿಕೆಯಲ್ಲಿ ಬರುವ ಸಂಖ್ಯೆ ಊರಿನಲ್ಲಿರುವ ರೋಗಿಗಳಿಗಿಂತ ಕಡಿಮೆಯೇ ಇರುತ್ತದೆ ಎಂಬುದು ನಿಜ, ಆದರೆ ನಿಮ್ಮ ವರದಿಯನ್ನು ಯಾರೂ ತಿದ್ದಿರಬೇಕಾಗಿಲ್ಲ.

ನನ್ನ ಗಮನವೆಲ್ಲ ನಿಮ್ಮ ಸೀಮೆಸುಣ್ಣದ ಮೇಲಿದೆ. ಡೆಂಗಿಯ ಮೈಕೈನೋವು ಸಾಮಾನ್ಯವಾಗಿ ಜ್ವರದೊಂದಿಗೆ ಹೋಗುತ್ತದೆ. ವಾರಗಟ್ಟಲೆ ಸಣ್ಣ ಗಂಟುಗಳನ್ನು ಹಿಡಿದು ಕೂರುವುದು ಚಿಕೂನ್‌ಗುನ್ಯಾ. ಎರಡನ್ನೂ ಹರಡುವುದು ಹಗಲು ಕಚ್ಚುವ ಈಡಿಸ್ ಸೊಳ್ಳೆಯೇ ಆದರೂ ವೈರಸ್ಸುಗಳ ಕುಲ ಬೇರೆ. ಡೆಂಗಿ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ. ಚಿಕೂನ್‌ಗುನ್ಯಾ ಐಜಿಎಂ ಈಗಲೂ ರಕ್ತದಲ್ಲಿ ಸಿಗುವ ಅವಧಿಯಲ್ಲಿದ್ದೀರಿ, ಜಿಲ್ಲಾ ಆಸ್ಪತ್ರೆಯಲ್ಲೇ ಕೇಳಿ ಮಾಡಿಸಿ.

ಪ್ರಶ್ನೆ: ಡೆಂಗಿ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ? ಎಷ್ಟು ಹಣ ತೆಗೆದುಕೊಳ್ಳುತ್ತಾರೆ?
(ಹೊಳಲ್ಕೆರೆಯ ಓದುಗರು)

ಉತ್ತರ: ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಖಾಸಗಿ ಪ್ರಯೋಗಾಲಯಗಳಿಗೆ ರಾಜ್ಯ ಸರ್ಕಾರ 2024ರ ಜುಲೈನಲ್ಲಿ ಎನ್‌ಎಸ್ 1 ಎಲೈಸಾಕ್ಕೆ 300 ರೂಪಾಯಿ, ಐಜಿಎಂ ಎಲೈಸಾಕ್ಕೆ 300 ರೂಪಾಯಿ, ಕಾರ್ಡ್ ಪರೀಕ್ಷೆಗೆ 250 ರೂಪಾಯಿಯ ಮಿತಿ ಗೊತ್ತುಪಡಿಸಿತು. ಖಾಲಿ ಹೊಟ್ಟೆ ಖಂಡಿತ ಬೇಡ. ಜ್ವರದವರು ಮಜ್ಜಿಗೆ, ಗಂಜಿ, ಎಳನೀರು, ಓಆರ್‌ಎಸ್ ಏನಾದರೂ ಕುಡಿಯುತ್ತಲೇ ಇರಬೇಕು. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು, ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ರಕ್ತ ಕೊಡುವ ಮುಂಚೆ ಎರಡು ಲೋಟ ನೀರು ಕುಡಿದು ಹೋದರೆ ವರದಿ ಕೆಡುವುದಿಲ್ಲ, ನರ ಸಿಗುವುದೂ ಸುಲಭ.