‘ರೀಲೋಡ್ ಆಗುತ್ತದೆ, ಅಷ್ಟೇ’ ಎನ್ನುವವರಿಗೆ

ಫೈರ್‌ವಾಲ್‌ನಲ್ಲೋ ರೌಟರ್‌ನಲ್ಲೋ ದೋಷ ಸಿಕ್ಕಿದೆ ಎಂದು ತಯಾರಕರು ಪ್ರಕಟಣೆ ಹೊರಡಿಸಿದಾಗಲೆಲ್ಲ ನನಗೆ ಬರುವ ಪ್ರಶ್ನೆಗಳು ಒಂದೇ ಧಾಟಿಯವು. ಅದು ‘ಡಿನಯಲ್ ಆಫ್ ಸರ್ವಿಸ್’ ಬಗೆಯ, ಅಂದರೆ ಸಾಧನದ ಕೆಲಸ ನಿಲ್ಲಿಸುವ ದೋಷ ಎಂದು ಗೊತ್ತಾದ ಕೂಡಲೇ ಓದುಗರಿಗೆ ನಿರಾಳ. ಆ ನಿರಾಳತೆ ಕಂಡರೆ ನನಗೆ ಸಿಟ್ಟು ಬರುತ್ತದೆ. ಫರ್ಮ್‌ವೇರ್ ಎಂದರೇನು, ಅಪ್‌ಡೇಟ್ ಎಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ನಮ್ಮ ಗಡಿ ರೌಟರ್‌ನ ಫರ್ಮ್‌ವೇರ್‌ನಲ್ಲಿ ದೋಷವಿದೆಯಂತೆ. ವಿಶೇಷವಾಗಿ ಹೆಣೆದ ಪ್ಯಾಕೆಟ್ ಬಂದರೆ ಸಾಧನ ರೀಲೋಡ್ ಆಗುತ್ತದೆ (ಬಿದ್ದು ಮತ್ತೆ ಶುರುವಾಗುತ್ತದೆ), ಅಷ್ಟೇ; ಡೇಟಾ ಕಳವಾಗುವುದಿಲ್ಲ. ತೀವ್ರತೆಯ ಅಂಕ 8.6. ನಮ್ಮಲ್ಲಿ ಜೋಡಿ ಸಾಧನ ಇದೆ, ಒಂದು ಬಿದ್ದರೆ ಇನ್ನೊಂದು ಕೆಲಸ ಹೊರುತ್ತದೆ. ಮುನ್ನೆಚ್ಚರಿಕೆಗೆ ದಿನಾ ರಾತ್ರಿ ತಾನಾಗಿಯೇ ರೀಸ್ಟಾರ್ಟ್ ಆಗುವಂತೆ ಇಟ್ಟಿದ್ದೇವೆ. ಮೂರು ತಿಂಗಳ ನಂತರದ ಮೇಂಟೆನೆನ್ಸ್‌ವರೆಗೆ ಕಾಯಬಹುದೇ?

ಕಾಯಬೇಡಿ. ಆ ರಾತ್ರಿಯ ರೀಸ್ಟಾರ್ಟ್ ಅನ್ನು ಇವತ್ತೇ ತೆಗೆದುಹಾಕಿ.

ಮೊದಲು ನಿಮ್ಮ 8.6ರ ವಿಷಯ. ದೋಷದ ತೀವ್ರತೆಗೆ ಹತ್ತರವರೆಗೆ ಅಂಕ ಕೊಡುವ ಸಿವಿಎಸ್‌ಎಸ್ 3.1ರ ಲೆಕ್ಕದಲ್ಲಿ, ಲಾಗಿನ್ ಇಲ್ಲದೆ ದೂರದಿಂದಲೇ ಸಾಧನವನ್ನು ಬೀಳಿಸಬಹುದಾದ ದೋಷಕ್ಕೆ, ಬೇರೇನೂ ಹಾನಿ ಇಲ್ಲದಿದ್ದರೆ, 7.5 ಬರುತ್ತದೆ. ಆ ಸಾಧನದ ಜೊತೆಗೆ ಅದರ ಹಿಂದಿರುವುದೂ ಬೀಳುತ್ತದೆ ಎಂದಾದರೆ ಅದೇ 8.6 ಆಗುತ್ತದೆ. ಅಂದರೆ ‘ಡೇಟಾ ಕಳವಾಗುವುದಿಲ್ಲ’ ಎಂಬ ರಿಯಾಯಿತಿಯನ್ನು ಕೊಟ್ಟ ಮೇಲೆ ಉಳಿದಿರುವ ಅಂಕ ಅದು. ಅದೇ ರಿಯಾಯಿತಿಯನ್ನು ನೀವು ಇನ್ನೊಮ್ಮೆ ತೆಗೆದುಕೊಳ್ಳುತ್ತಿದ್ದೀರಿ.

ಜೋಡಿ ಸಾಧನ ಇರುವುದು ಒಂದರ ಪವರ್ ಸಪ್ಲೈ ಸುಟ್ಟರೆ, ಕೇಬಲ್ ಕಿತ್ತರೆ. ಎರಡರಲ್ಲೂ ಇರುವುದು ಒಂದೇ ಫರ್ಮ್‌ವೇರ್. ಮೊದಲನೆಯದನ್ನು ಬೀಳಿಸಿದ ಪ್ಯಾಕೆಟ್ ಮತ್ತೆ ಬರುವ ಹೊತ್ತಿಗೆ ಟ್ರಾಫಿಕ್ ಎರಡನೆಯದರ ಮೇಲಿರುತ್ತದೆ, ಅದೂ ಬೀಳುತ್ತದೆ. ದೊಡ್ಡ ರೌಟರ್ ಎದ್ದು ನಿಂತು ಪ್ರೋಟೋಕಾಲ್‌ಗಳೆಲ್ಲ ಕೂಡಿಕೊಳ್ಳಲು ಹತ್ತು ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಐದು ನಿಮಿಷಕ್ಕೊಂದು ಪ್ಯಾಕೆಟ್ ಕಳಿಸಿದರೆ ನಿಮ್ಮ ನೆಟ್‌ವರ್ಕ್ ದಿನವಿಡೀ ಏಳುವುದೇ ಇಲ್ಲ. 2024ರ ಡಿಸೆಂಬರ್‌ನಲ್ಲಿ ಪಾಲೋ ಆಲ್ಟೋ ಫೈರ್‌ವಾಲ್‌ಗಳ ದೋಷ ಹೊರಬಂತಲ್ಲ, ಸಿವಿಇ-2024-3393 (ಸಿವಿಇ ಎಂದರೆ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ), ಅದರಲ್ಲಿ ಕೆಟ್ಟ ಡಿಎನ್‌ಎಸ್ ಪ್ಯಾಕೆಟ್ ಸಾಧನದ ಮೂಲಕ ಹಾದುಹೋದರೆ ಸಾಕು, ಅದು ರೀಬೂಟ್ ಆಗುತ್ತಿತ್ತು. ಮತ್ತೆ ಮತ್ತೆ ಕಳಿಸಿದರೆ ಮೇಂಟೆನೆನ್ಸ್ ಮೋಡ್‌ಗೆ ಹೋಗಿ ಕೂರುತ್ತಿತ್ತು. ಆಮೇಲೆ ಯಾರಾದರೂ ಕೈಯಾರೆ ಎಬ್ಬಿಸಬೇಕು.

‘ಅಷ್ಟೇ’ ಎಂಬ ಮಾತಿನಲ್ಲಿ ಇನ್ನೂ ದೊಡ್ಡ ಅಪಾಯ ಇದೆ. ಸಾಧನ ಯಾಕೆ ಬೀಳುತ್ತದೆ? ಬಹಳ ಸಲ, ಬರೆಯಬಾರದ ಮೆಮೊರಿಯಲ್ಲಿ ಏನೋ ಬರೆದುಹೋಗಿ. ಅಡ್ಡಾದಿಡ್ಡಿ ಬರೆದರೆ ಕ್ರ್ಯಾಶ್ ಆಗುತ್ತದೆ, ಲೆಕ್ಕ ಹಾಕಿ ಬರೆದರೆ ದಾಳಿಕೋರನ ಕೋಡ್ ಓಡುತ್ತದೆ. 2025ರ ಜೂನ್‌ನಲ್ಲಿ ಸಿಟ್ರಿಕ್ಸ್ ನೆಟ್‌ಸ್ಕೇಲರ್‌ನ ಸಿವಿಇ-2025-6543 ಪ್ರಕಟವಾದಾಗ ಅದರ ವಿವರಣೆಯಲ್ಲಿ, ಪ್ರೋಗ್ರಾಮ್ ದಾರಿ ತಪ್ಪುತ್ತದೆ ಎಂಬುದರ ಜೊತೆಗೆ, ಡಿನಯಲ್ ಆಫ್ ಸರ್ವಿಸ್ ಎಂದಿತ್ತು. ನೆದರ್‌ಲೆಂಡ್ಸ್‌ನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ ತನಿಖೆ ಮಾಡಿದಾಗ, ಆ ಪ್ರಕಟಣೆಗೂ ಮುಂಚೆ, ಮೇ ತಿಂಗಳಿಂದಲೇ ಅದನ್ನು ಬಳಸಿ ಒಳನುಗ್ಗಿದ್ದು ಗೊತ್ತಾಯಿತು. ಸಾಧನಗಳಲ್ಲಿ ವೆಬ್‌ಶೆಲ್‌ಗಳು, ಅಂದರೆ ದೂರದಿಂದ ಆಜ್ಞೆ ಕೊಡಲು ದಾಳಿಕೋರ ಬಿಟ್ಟುಹೋದ ಹಿಂಬಾಗಿಲುಗಳು, ಸಿಕ್ಕವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಸಿಸ್ಕೋದ ಸಿವಿಇ-2025-20352 ಎಸ್‌ಎನ್‌ಎಂಪಿ ಭಾಗದ, ಅಂದರೆ ಸಾಧನದ ಸ್ಥಿತಿಯನ್ನು ದೂರದಿಂದ ಗಮನಿಸುವ ವ್ಯವಸ್ಥೆಯ ದೋಷ. ಕಡಿಮೆ ಅಧಿಕಾರವಿದ್ದವನು ಅದರಿಂದ ಸಾಧನವನ್ನು ಬೀಳಿಸಬಲ್ಲ. ಅಡ್ಮಿನ್ ಪಾಸ್‌ವರ್ಡ್ ಕೂಡ ಸಿಕ್ಕವನು ಐಓಎಸ್ ಎಕ್ಸ್‌ಇ (ಸಿಸ್ಕೋದ ಸಾಧನ ನಡೆಸುವ ತಂತ್ರಾಂಶ) ಓಡುವ ಸಾಧನಗಳಲ್ಲಿ ರೂಟ್, ಅಂದರೆ ಪೂರ್ಣ ಅಧಿಕಾರದ ಒಡೆಯ, ಆಗಬಲ್ಲ. ದೋಷ ಒಂದೇ.

ಈಗ ನಿಮ್ಮ ರಾತ್ರಿ ರೀಸ್ಟಾರ್ಟ್. ಅದು ಸುಳಿವುಗಳನ್ನೇ ಅಳಿಸಿಬಿಡಬಹುದು. ಒಂದು ಸಂಸ್ಥೆಯಲ್ಲಿ ಫೈರ್‌ವಾಲ್ ಮೂರು ವಾರದಿಂದ ಬೀಳುತ್ತಿತ್ತು. ನನ್ನನ್ನು ಕರೆಯುವಷ್ಟರಲ್ಲಿ 11 ಸಲ ಪವರ್ ಕಿತ್ತು ಹಾಕಿದ್ದರು. ಲಾಗ್ (ಸಾಧನದಲ್ಲಿ ನಡೆದದ್ದರ ದಾಖಲೆ) ತೆರೆದರೆ ಮೊದಲ ಸಾಲೇ ಅವತ್ತು ಬೆಳಗ್ಗೆ 9.14ರದ್ದು. ಅದರ ಹಿಂದಿನ ಮೂರು ವಾರ ಖಾಲಿ. ಲಾಗ್ ಇದ್ದದ್ದು ಸಾಧನದ ಮೆಮೊರಿಯಲ್ಲಿ ಮಾತ್ರ, ಪ್ರತಿ ಸಲ ಪವರ್ ಕಿತ್ತಾಗಲೂ ಅಳಿಸಿಹೋಗಿತ್ತು. ದಾಳಿಯೋ ಹಾರ್ಡ್‌ವೇರ್ ಕೆಟ್ಟದ್ದೋ ಹೇಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಕೊನೆಗೆ ದಾಳಿಯೇ ಎಂದುಕೊಂಡು ಎಲ್ಲ ಪಾಸ್‌ವರ್ಡ್, ವಿಪಿಎನ್ ಕೀ, ಸರ್ಟಿಫಿಕೇಟ್ ಬದಲಿಸಬೇಕಾಯಿತು. ಆ ಕೆಲಸ ಇಡೀ ತಿಂಗಳು ತಿಂದಿತು. ಆದ್ದರಿಂದ ಲಾಗ್ ಹೊರಗಿನ ಸಿಸ್‌ಲಾಗ್ ಸರ್ವರ್‌ಗೆ ಹೋಗಲಿ. ಸಾಧನ ಬಿದ್ದೆದ್ದರೆ, ಬಿದ್ದ ಹೊತ್ತಿನ ಸ್ಥಿತಿ ದಾಖಲಾಗುವ ಕ್ರ್ಯಾಶ್ ಫೈಲ್, ಕೋರ್ ಫೈಲ್ ಎರಡನ್ನೂ ಮೊದಲು ಹೊರಗೆ ನಕಲು ಮಾಡಿ, ಮಿಕ್ಕಿದ್ದು ಆಮೇಲೆ.

ಎಲ್ಲ ದೋಷವೂ ಸಾಧನವನ್ನು ಬೀಳಿಸಿ ತೋರಿಸುತ್ತದೆ ಎಂದೂ ನಂಬಬೇಡಿ. 2003ರ ಜುಲೈನಲ್ಲಿ ಸಿಸ್ಕೋ ಐಓಎಸ್‌ನಲ್ಲಿ ಸಿಕ್ಕ ದೋಷದಲ್ಲಿ ರೌಟರ್ ರೀಲೋಡ್ ಆಗುತ್ತಲೇ ಇರಲಿಲ್ಲ, ಯಾವ ಅಲಾರಂ ಕೂಡ ಇಲ್ಲ. 53, 55, 77, 103 ಎಂಬ ಪ್ರೋಟೋಕಾಲ್ ಸಂಖ್ಯೆಯ ಪ್ಯಾಕೆಟ್‌ಗಳು ರೌಟರ್‌ನ ವಿಳಾಸಕ್ಕೇ ಬಂದು ಇನ್‌ಪುಟ್ ಕ್ಯೂನಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತಿದ್ದವು. ಇಂಟರ್‌ಫೇಸ್‌ನ ವಿವರ ತೆಗೆದರೆ ಒಂದು ಸಾಲು: ಇನ್‌ಪುಟ್ ಕ್ಯೂ 76/75. ಎಪ್ಪತ್ತೈದು ಹಿಡಿಯುವ ಜಾಗದಲ್ಲಿ ಎಪ್ಪತ್ತಾರು. ಆ ಇಂಟರ್‌ಫೇಸ್ ಅಲ್ಲಿಗೆ ಸತ್ತಂತೆ. ಈ ಸಂಖ್ಯೆ ನೋಡುವ ಅಭ್ಯಾಸ ಇಲ್ಲದವರು ಕೇಬಲ್ ಬದಲಿಸುತ್ತ ಕೂರಬೇಕಿತ್ತು.

ಹಾಗಾದರೆ ಏನು ಮಾಡಬೇಕು? ಪ್ರಕಟಣೆಯನ್ನು ಪೂರ್ತಿ ಓದಿ. ನಿಮ್ಮ ಆವೃತ್ತಿ ಅದರಲ್ಲಿದೆಯೇ, ದೋಷವಿರುವ ಸೌಲಭ್ಯ ನಿಮ್ಮಲ್ಲಿ ಆನ್ ಆಗಿದೆಯೇ ನೋಡಿ. ಆನ್ ಇದ್ದು ಬೇಕಿಲ್ಲದಿದ್ದರೆ ಈಗಲೇ ಆಫ್ ಮಾಡಿ. ಬೇಕಿದ್ದರೆ, ಪ್ಯಾಕೆಟ್ ಸಾಧನಕ್ಕೇ ಬರಬೇಕೋ ಅಥವಾ ಹಾದುಹೋದರೂ ಸಾಕೋ ಎಂದು ಹುಡುಕಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಸಾಧನಕ್ಕೇ ಬರಬೇಕಾದರೆ ಆ್ಯಕ್ಸೆಸ್ ಲಿಸ್ಟ್ ಹಾಕಿ ಮಾನಿಟರಿಂಗ್ ಸರ್ವರ್, ಅಡ್ಮಿನ್ ಮೆಷಿನ್ ಬಿಟ್ಟು ಮಿಕ್ಕವರನ್ನು ತಡೆಯಬಹುದು. ಆದರೆ ಎಸ್‌ಎನ್‌ಎಂಪಿ ಓಡುವುದು ಯುಡಿಪಿ ಮೇಲೆ. ಕಳಿಸಿದವರ ವಿಳಾಸವನ್ನು ಸುಳ್ಳು ಹೇಳುವುದು ಅಲ್ಲಿ ಸುಲಭ. ನಿಮ್ಮ ಮಾನಿಟರಿಂಗ್ ಸರ್ವರ್‌ನ ವಿಳಾಸ ಹೊತ್ತ ಪ್ಯಾಕೆಟ್ ಹೊರಗಿನಿಂದ ಬಂದರೆ ಗಡಿಯಲ್ಲೇ ಬೀಳಿಸುವ ನಿಯಮವೂ ಬೇಕು. ಹಾದುಹೋದರೆ ಸಾಕು ಎನ್ನುವ ದೋಷಕ್ಕೆ ಈ ಲಿಸ್ಟ್ ಪ್ರಯೋಜನವಿಲ್ಲ. ತಯಾರಕರು ಹೇಳಿದ ತಾತ್ಕಾಲಿಕ ಉಪಾಯ ಮಾಡಿ, ಅಪ್‌ಗ್ರೇಡ್ ಅನ್ನು ಈ ವಾರಕ್ಕೇ ತನ್ನಿ.

ಅಪ್‌ಗ್ರೇಡ್‌ಗೆ ಮುಂಚೆ ಕಾನ್ಫಿಗ್ ಬ್ಯಾಕಪ್ ಹೊರಗಿರಲಿ, ಇಮೇಜ್‌ನ (ಹೊಸ ಫರ್ಮ್‌ವೇರ್ ಫೈಲ್‌ನ) ಹ್ಯಾಶ್, ಅಂದರೆ ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತು, ತಾಳೆ ನೋಡಿ, ಕನ್ಸೋಲ್ ಕೇಬಲ್ ಹಾಕಿಕೊಂಡ ಒಬ್ಬರು ಸಾಧನದ ಹತ್ತಿರ ಇರಲಿ. ದೂರದಿಂದ, ಒಬ್ಬರೇ, ರಾತ್ರಿ ಎರಡು ಗಂಟೆಗೆ ಗಡಿ ರೌಟರ್ ಅಪ್‌ಗ್ರೇಡ್ ಮಾಡುವುದಕ್ಕೆ ನಾನು ಯಾವತ್ತೂ ಒಪ್ಪಿಲ್ಲ. ಮೊದಲು ಸ್ಟ್ಯಾಂಡ್‌ಬೈ, ಅದು ಟ್ರಾಫಿಕ್ ಹೊತ್ತು ನಿಂತ ಮೇಲೆ ಇನ್ನೊಂದು. ಮುಗಿದ ಮೇಲೆ ಓಡುತ್ತಿರುವ ಆವೃತ್ತಿ ಯಾವುದು ಎಂದು ಕಣ್ಣಾರೆ ನೋಡಿ. ಹೊಸ ಇಮೇಜ್ ಫ್ಲ್ಯಾಶ್‌ಗೆ ಹಾಕಿ, ಹಳೆಯದರಲ್ಲೇ ಬೂಟ್ ಆಗಿ, ‘ಪ್ಯಾಚ್ ಆಯಿತು’ ಎಂದು ವರದಿಯಲ್ಲಿ ಸೇರಿದ ಸಾಧನಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಎರಡು ವಾರ ಬಿಟ್ಟು ಪ್ರಕಟಣೆಯನ್ನು ಮತ್ತೊಮ್ಮೆ ತೆರೆಯಿರಿ. 2018ರಲ್ಲಿ ಸಿಸ್ಕೋ ಎಎಸ್‌ಎ ಫೈರ್‌ವಾಲ್‌ನ ದೋಷಕ್ಕೆ, ಸಿವಿಇ-2018-0101ಕ್ಕೆ, ಮೊದಲು ಕೊಟ್ಟ ಪರಿಹಾರ ಸಾಲದೆ ಕೆಲವೇ ದಿನಗಳಲ್ಲಿ ಇನ್ನೊಂದು ಆವೃತ್ತಿ ಬಂತು.

ಪ್ರಶ್ನೆ: ಡಿಡಾಸ್ (ಎಲ್ಲ ಕಡೆಯಿಂದ ಪ್ಯಾಕೆಟ್‌ಗಳ ಪ್ರವಾಹ ಹರಿಸುವ ದಾಳಿ) ತಡೆಯುವ ಸೇವೆಗೆ ಹಣ ಕಟ್ಟುತ್ತಿದ್ದೇವೆ, ಸಾಲದೇ?

ಸಾಲದು. ಅದು ಪ್ರವಾಹ ತಡೆಯಲು ಇರುವುದು. ಇಲ್ಲಿ ಬರುವುದು ಒಂದೇ ಹನಿ.

ಪ್ರಶ್ನೆ: ಫ್ಯಾಕ್ಟರಿ ರೀಸೆಟ್ ಮಾಡಿದರೆ ದೋಷ ಹೋಗುತ್ತದೆಯೇ?

ಇಲ್ಲ. ಹೋಗುವುದು ನಿಮ್ಮ ಕಾನ್ಫಿಗ್. ಫರ್ಮ್‌ವೇರ್ ಅದೇ ಉಳಿಯುತ್ತದೆ.

ಪ್ರಶ್ನೆ: ಸಪೋರ್ಟ್ ಒಪ್ಪಂದ ಮುಗಿದಿದೆ. ಒಂದು ಚಾಟ್ ಗುಂಪಿನಲ್ಲಿ ಪ್ಯಾಚ್ ಮಾಡಿದ ಫರ್ಮ್‌ವೇರ್ ಕೊಡುತ್ತಾರೆ. ಹಾಕಬಹುದೇ?

ಹಾಕಬೇಡಿ! ದೋಷವಿರುವ ಸಾಧನಕ್ಕೆ ದಾಳಿಕೋರ ಹೊರಗಿನಿಂದ ಬರಬೇಕು. ಇಂಥ ಫರ್ಮ್‌ವೇರ್ ಹಾಕಿದರೆ ನೀವೇ ಅವನನ್ನು ಒಳಗೆ ಕೂರಿಸಿದಂತೆ. ಇದನ್ನು ಮಾರುವವರು ತಂತ್ರಜ್ಞರಲ್ಲ, ಮೋಸಗಾರರು. ಗಂಭೀರ ಭದ್ರತಾ ದೋಷವಾದರೆ ಒಪ್ಪಂದ ಇಲ್ಲದ ಗ್ರಾಹಕರೂ ಪ್ರಕಟಣೆ ತೋರಿಸಿ ಪರಿಹಾರ ಕೇಳುವ ದಾರಿಯನ್ನು ಸಿಸ್ಕೋದಂಥ ತಯಾರಕರು ಇಟ್ಟಿದ್ದಾರೆ. ಹೋಗಿ ಕೇಳಿ.

ಪ್ರಶ್ನೆ: ನಮ್ಮ ಸಾಧನಕ್ಕೆ ದೋಷ ಇದೆಯೋ ಇಲ್ಲವೋ ತಿಳಿಯಲು ಅಂತರ್ಜಾಲದಲ್ಲಿ ಸಿಕ್ಕ ಎಕ್ಸ್‌ಪ್ಲಾಯಿಟ್ (ದೋಷ ಬಳಸಿ ದಾಳಿ ಮಾಡುವ ಕೋಡ್) ಓಡಿಸಿ ನೋಡಲೇ?

ಕೆಲಸದಲ್ಲಿರುವ ಸಾಧನದ ಮೇಲೆ ಬೇಡವೇ ಬೇಡ. ಆವೃತ್ತಿ ಸಂಖ್ಯೆ ಓದಿ, ಆ ಸೌಲಭ್ಯ ಆನ್ ಇದೆಯೇ ಎಂದು ನೋಡಿದರೆ ಸಾಕು.

ಪ್ರಶ್ನೆ: ನಮ್ಮ ರೌಟರ್‌ಗೆ ತಯಾರಕರ ಬೆಂಬಲ ನಿಂತು ನಾಲ್ಕು ವರ್ಷವಾಯಿತು. ಪ್ರಕಟಣೆಯಲ್ಲಿ ಅದರ ಹೆಸರೇ ಇಲ್ಲ. ಅಂದರೆ ದೋಷ ಇಲ್ಲ ತಾನೇ?

ಹೆಸರು ಇಲ್ಲದಿರುವುದು ಅದನ್ನು ಯಾರೂ ಪರೀಕ್ಷಿಸಿಲ್ಲ ಎಂಬ ಕಾರಣಕ್ಕೂ ಇರಬಹುದು. ಹೊಸದಕ್ಕೆ ಇವತ್ತೇ ಬೇಡಿಕೆ ಕಳಿಸಿ. ಅದು ಬರುವವರೆಗೆ ಹಳೆಯದರ ಅಡ್ಮಿನ್ ಪುಟ, ಎಸ್‌ಎನ್‌ಎಂಪಿ, ವಿಪಿಎನ್ ಮೂರೂ ಹೊರಗಿನಿಂದ ಕಾಣದಂತೆ ಮುಚ್ಚಿಡಿ.