ತೈವಾನಿನ ಲಿಯೋಹೆನ್ ಎಂಬ, ಅತಾಯಲ್ ಬುಡಕಟ್ಟಿನವರ ಹಾಡಿ ಏಕೆ ಖಾಲಿಯಾಯಿತು?

ಕಾರಣ ಜಪಾನಿ ಆಡಳಿತದ ಸ್ಥಳಾಂತರ ನೀತಿ. 1910ರಿಂದ 1914ರವರೆಗಿನ ಸೇನಾ ಕಾರ್ಯಾಚರಣೆಯಲ್ಲಿ ಬೆಟ್ಟದವರ ಬಂದೂಕುಗಳನ್ನು ಕಿತ್ತುಕೊಂಡು, ಪೊಲೀಸ್ ಠಾಣೆಗಳ ಸರಣಿಯನ್ನೇ ಕಟ್ಟಲಾಯಿತು. ಪೊಲೀಸರೇ ಶಾಲೆಯ ಮೇಷ್ಟ್ರೂ ಆಗಿದ್ದರು. ಆಮೇಲೆ ಚದುರಿದ ಹಾಡಿಗಳನ್ನು ತಗ್ಗಿಗೆ ಇಳಿಸುವ ಕೆಲಸ: ಕಾಡು ಸುಟ್ಟು ನವಣೆ ಬೆಳೆಯುತ್ತಿದ್ದವರಿಗೆ ಗದ್ದೆ ಬೇಸಾಯ ಕಲಿಸುವುದು ಘೋಷಿತ ಉದ್ದೇಶ, ಕಣ್ಗಾವಲು ಸುಲಭವಾಗುವುದು ನಿಜವಾದ ಲಾಭ. ತಗ್ಗಿನಲ್ಲಿ ಮಲೇರಿಯಾ ಕಾದಿತ್ತು. ಬೇಟೆಯ ಕಾಡು ದೂರವಾಯಿತು.

ಯೀಲಾನ್ ಕೌಂಟಿಯ ನಾನ್‌ಆವ್ ಬೆಟ್ಟಗಳಲ್ಲಿದ್ದ ಲಿಯೋಹೆನ್ ಹೆಸರಾದದ್ದು 1938ರ ಸೆಪ್ಟೆಂಬರಿನಲ್ಲಿ. ಯುದ್ಧಕ್ಕೆ ಹೊರಟ ಪೊಲೀಸ್ ಮೇಷ್ಟ್ರ ಸಾಮಾನು ಹೊತ್ತು ಇಳಿದ 17ರ ಹುಡುಗಿ ಸಯೂನ್, ಬಿರುಗಾಳಿಯಲ್ಲಿ ಮರದ ದಿಮ್ಮಿಯ ಸೇತುವೆಯಿಂದ ಹೊಳೆಗೆ ಬಿದ್ದಳು. 1941ರಲ್ಲಿ ತೈವಾನಿನ ಜಪಾನಿ ಗವರ್ನರ್ ಜನರಲ್ ಅವಳ ನೆನಪಿಗೆ ಗಂಟೆಯೊಂದನ್ನು ಕೊಟ್ಟು, ಅಪಘಾತವನ್ನು ದೇಶಭಕ್ತಿಯ ಪ್ರಚಾರವಾಗಿಸಿದರು. ಅವಳ ಕಥೆಯನ್ನು ಹೇಳುವ 1943ರ ಚಲನಚಿತ್ರದ ಚಿತ್ರೀಕರಣ ಮಾತ್ರ ಇಲ್ಲಲ್ಲ, ಮಧ್ಯ ತೈವಾನಿನ ವೂಶೆ ಬಳಿಯ ಹಾಡಿಯಲ್ಲಿ ನಡೆಯಿತು. ಲಿಯೋಹೆನ್‌ನವರ ವಂಶಸ್ಥರು ಈಗ ತಗ್ಗಿನ ನಾನ್‌ಆವ್ ಹಳ್ಳಿಗಳಲ್ಲಿದ್ದಾರೆ.